ಹಿಟ್ಟಿನ ಚೀಲದ ಕೂಸು

ಅಮೆರಿಕದ ಕೆಲವು ಪ್ರೌಢಶಾಲೆಗಳಲ್ಲಿ ವರ್ಷಕ್ಕೊಮ್ಮೆ ಒಂದು ವಿಚಿತ್ರವಾದ ನೋಟ ಕಾಣಸಿಗುತ್ತದೆ. ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗ ಹುಡುಗಿಯರು ಬೆನ್ನಿಗೆ ಪುಸ್ತಕದ ಚೀಲವನ್ನೂ ಕಂಕುಳಿಗೆ ಗೋಧಿಹಿಟ್ಟಿನ ಚೀಲವನ್ನೂ ಏರಿಸಿಕೊಂಡು ತರಗತಿಗೆ ಬರುತ್ತಾರೆ. ಹಿಟ್ಟಿನ ಚೀಲದ ತೂಕ ಐದು ಪೌಂಡು, ಎಂದರೆ ಸುಮಾರು ೨.೩ ಕಿಲೋಗ್ರಾಂ. ಅದಕ್ಕೊಂದು ಕುಲಾವಿ, ಮಸಿಯಲ್ಲಿ ಬರೆದ ಕಣ್ಣು ಬಾಯಿ, ಒಂದು ಹೆಸರು. ಅದೇ ಆ ವಿದ್ಯಾರ್ಥಿಯ ಕೂಸು! ಒಂದು ವಾರದ ಕಾಲ ಅದನ್ನು ಒಂಟಿಯಾಗಿ ಬಿಡುವಂತಿಲ್ಲ. ಆಟಕ್ಕೆ ಹೋಗಬೇಕಾದರೆ ನಂಬಿಕೆಯ ಗೆಳೆಯನೊಬ್ಬನಿಗೆ ಒಪ್ಪಿಸಿ ಹೋಗಬೇಕು. ರಾತ್ರಿ ಎದ್ದು ನೋಡಿಕೊಳ್ಳಬೇಕು. ದಿನದಿನದ ಸಂಗತಿಯನ್ನು ದಿನಚರಿಯಲ್ಲಿ ಬರೆಯಬೇಕು. ಚೀಲ ಹರಿದು ಹಿಟ್ಟು ಚೆಲ್ಲಿದರೆ ಅಂಕ ಹೋಯಿತು. ಹಿಟ್ಟಿನ ಬದಲಿಗೆ ಕೋಳಿಮೊಟ್ಟೆಯನ್ನು ಕೊಡುವ ಉಪಾಧ್ಯಾಯರೂ ಉಂಟು. ಮೊಟ್ಟೆ ಒಡೆಯದಂತೆ ವಾರವನ್ನು ಕಳೆಯುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾದುದಿಲ್ಲ.

ಇದು ವಿನೋದಕ್ಕಾಗಿ ಹೂಡಿದ ಆಟವಲ್ಲ. ‘ಜೀವನ ಕೌಶಲ’ವೆಂಬ ಪಾಠದ ಒಂದು ಅಂಗ. ಮಗುವನ್ನು ಸಾಕುವ ಹೊಣೆ ಎಷ್ಟು ಭಾರವೆಂಬುದನ್ನು ಮಾತಿನಲ್ಲಿ ಹೇಳಿದರೆ ತರುಣರ ಮನಸ್ಸಿಗೆ ಅದು ನಾಟದು. ಕೈಯಾರೆ ಹೊತ್ತು ನೋಡಿದರೆ ನಾಟೀತು, ಆಗ ಅವರು ಕಾಲಕ್ಕೆ ಮುಂಚೆ ತಾಯ್ತಂದೆಯರಾಗುವ ಅವಿವೇಕಕ್ಕೆ ಕೈಹಾಕಲಾರರು ಎಂಬುದು ಉಪಾಧ್ಯಾಯರ ಆಶಯ. ಆಶಯವೇನೋ ಉತ್ತಮವಾದುದು. ಯುಕ್ತಿಯೂ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಇಲ್ಲಿ ಒಂದು ಪ್ರಶ್ನೆಯನ್ನು ಕೇಳದಿರಲಾರೆವು: ಈ ಪಾಠ ತಾನು ಕಲಿಸುತ್ತೇನೆಂದು ಹೇಳುವುದನ್ನು ನಿಜವಾಗಿಯೂ ಕಲಿಸುತ್ತದೆಯೆ? ಕಲಿಸುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿ ಯಾವುದು? ಈ ಪ್ರಶ್ನೆಗೆ ದೊರೆತ ಉತ್ತರ ಹಲವರನ್ನು ಬೆರಗುಗೊಳಿಸಿತು. ಆ ಕಥೆಯನ್ನೇ ಈ ಲೇಖನದಲ್ಲಿ ಹೇಳಹೊರಟಿದ್ದೇವೆ.

ಬದುಕಿನ ಪಾಠದ ಹಿನ್ನೆಲೆ

ಬದುಕುವ ಬಗೆಯನ್ನು ಶಾಲೆಯಲ್ಲಿ ಕಲಿಸಬೇಕೆಂಬ ವಿಚಾರ ಹೊಸದೇನೂ ಅಲ್ಲ. ಎಲೆನ್ ಸ್ವಾಲೋ ರಿಚರ್ಡ್ಸ್ ಎಂಬ ಮಹಿಳೆ ೧೮೭೩ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ಆ ಸಂಸ್ಥೆಯ ಮೊತ್ತಮೊದಲ ವಿದ್ಯಾರ್ಥಿನಿ ಇವರೇ. ಕುಡಿಯುವ ನೀರು, ಆಹಾರದ ಕಲಬೆರಕೆ, ಮನೆಯೊಳಗಿನ ಗಾಳಿ ಇವುಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ ಅವರಿಗೆ, ಅಡುಗೆಮನೆಯೂ ವಿಜ್ಞಾನದ ಕ್ಷೇತ್ರವೇ ಎಂಬುದು ಮನದಟ್ಟಾಗಿತ್ತು. ೧೮೯೯ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಲೇಕ್ ಪ್ಲಾಸಿಡ್ ಎಂಬಲ್ಲಿ ಅವರೂ ಅವರ ಸಂಗಡಿಗರೂ ನೆರೆದು ನಡೆಸಿದ ಸಮ್ಮೇಳನದಿಂದ ‘ಗೃಹವಿಜ್ಞಾನ’ವೆಂಬ ಶಾಸ್ತ್ರಕ್ಕೆ ಒಂದು ರೂಪ ಬಂದಿತು. ೧೯೧೮ರಲ್ಲಿ ವಿಲಿಯಂ ಕಿಲ್‌ಪ್ಯಾಟ್ರಿಕ್ ಎಂಬ ಶಿಕ್ಷಣವೇತ್ತ ‘ಯೋಜನಾ ಪದ್ಧತಿ’ಯನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿ, ಮನಸ್ಸಿಟ್ಟು ಕೈಗೊಂಡ ಒಂದು ಕಾರ್ಯದ ಮೂಲಕವೇ ವಿದ್ಯಾರ್ಥಿ ಚೆನ್ನಾಗಿ ಕಲಿಯುತ್ತಾನೆಂದು ವಾದಿಸಿದರು. ನಮ್ಮ ದೇಶದಲ್ಲಿ ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿಯೂ ಕೈಕೆಲಸವೇ ಕಲಿಕೆಯ ಕೇಂದ್ರವಾಗಿತ್ತು. ಇವರ ದಾರಿಗಳು ಬೇರೆಬೇರೆ. ಮಾಡಿ ಕಲಿಯಬೇಕೆಂಬ ಮಾತು ಮಾತ್ರ ಒಂದೇ.

ಮಾಡಿ ಕಲಿಯುವ ಉತ್ಸಾಹ ಕೆಲವು ಸಲ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಕಾರ್ನೆಲ್ ವಿಶ್ವವಿದ್ಯಾನಿಲಯದ ಉದಾಹರಣೆಯೊಂದಿದೆ. ಅಲ್ಲಿಯ ಗೃಹವಿಜ್ಞಾನದ ವಿದ್ಯಾರ್ಥಿನಿಯರಿಗೆ ಶಿಶುಪಾಲನೆಯನ್ನು ಕಲಿಸಲು ೧೯೧೯ರಿಂದ ನಿಜವಾದ ಕೂಸುಗಳನ್ನೇ ತರಿಸಲಾಯಿತು. ಶಿಶುಕಲ್ಯಾಣ ಸಂಸ್ಥೆಗಳಿಂದ ಎರವಲಾಗಿ ಬಂದ ಈ ಮಕ್ಕಳು ಅಭ್ಯಾಸದ ಮನೆಯಲ್ಲಿ ಬೆಳೆದರು. ವಿದ್ಯಾರ್ಥಿನಿಯರು ಸರದಿಯ ಮೇಲೆ ತಾಯಿಯ ಪಾತ್ರವನ್ನು ವಹಿಸಿದರು. ತೂಕ, ಆಹಾರ, ನಿದ್ರೆ ಎಲ್ಲವೂ ಲೆಕ್ಕಕ್ಕೆ ಸೇರಿದವು. ಕೂಸು ಹೊಟ್ಟೆತುಂಬ ಉಂಡು ದುಂಡಗಾಗಿ ಬೆಳೆಯಿತೆಂಬುದೇನೋ ನಿಜ. ಆದರೆ ಇಂದು ಒಬ್ಬಳು, ಮುಂದಿನ ವಾರ ಇನ್ನೊಬ್ಬಳು ಎತ್ತಿಕೊಳ್ಳುವ ಕೂಸಿಗೆ ‘ನನ್ನವಳು’ ಎನ್ನಲು ಯಾರಿದ್ದರು? ೧೯೫೧ರಲ್ಲಿ ಜಾನ್ ಬೌಲ್ಬಿ ಎಂಬ ಆಂಗ್ಲ ಮನೋವೈದ್ಯ ವಿಶ್ವ ಆರೋಗ್ಯ ಸಂಸ್ಥೆಗೆ ಒಪ್ಪಿಸಿದ ವರದಿಯಲ್ಲಿ, ಎಳೆಯ ಮಗುವಿಗೆ ಒಬ್ಬ ತಾಯಿಯ ಅಥವಾ ತಾಯಿಯಂಥವಳ ಎಡೆಬಿಡದ ಒಲವು ಎಷ್ಟು ಅಗತ್ಯವೆಂಬುದನ್ನು ಎತ್ತಿ ಹೇಳಿದರು. ಕಾಲಕ್ರಮದಲ್ಲಿ ಈ ಪದ್ಧತಿ ನಿಂತುಹೋಯಿತು. ಪಾಠದ ಉಪಕರಣವಾಗಿ ಜೀವಂತ ಮಗು ಸಲ್ಲದೆಂದಾದ ಮೇಲೆ ಹಿಟ್ಟಿನ ಚೀಲವೋ ಮೊಟ್ಟೆಯೋ ಬೊಂಬೆಯೋ ಆಗಬೇಕಷ್ಟೆ.

ಈಚಿನ ಕಾಲದಲ್ಲಿ ಪಾಠದ ವ್ಯಾಪ್ತಿ ಹಿಗ್ಗಿದೆ. ೧೯೯೦ರ ದಶಕದ ಆದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತರುಣರಿಗೆ ಬೇಕಾದ ಹತ್ತು ಕೌಶಲಗಳನ್ನು ಹೆಸರಿಸಿತು: ತೀರ್ಮಾನ ಕೈಗೊಳ್ಳುವುದು, ಸಮಸ್ಯೆಯನ್ನು ಬಿಡಿಸುವುದು, ಹೊಸದಾಗಿ ಯೋಚಿಸುವುದು, ವಿಮರ್ಶಿಸಿ ಯೋಚಿಸುವುದು, ಮನಸ್ಸಿನಲ್ಲಿರುವುದನ್ನು ಸರಿಯಾಗಿ ತಿಳಿಸುವುದು, ಇತರರೊಡನೆ ಬೆರೆತು ಬಾಳುವುದು, ತನ್ನನ್ನು ತಾನು ಅರಿಯುವುದು, ಪರರ ನೋವನ್ನು ಅರಿಯುವುದು, ಭಾವಗಳನ್ನು ನಿಭಾಯಿಸುವುದು, ಮನಸ್ಸಿನ ಒತ್ತಡವನ್ನು ತಾಳಿಕೊಳ್ಳುವುದು. ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರೆ ಹತ್ತಕ್ಕೆ ಹತ್ತು ಅಂಕ ಬಂದೀತು. ಕೌಶಲ ಮಾತ್ರ ಒಂದೂ ಬಾರದು. ಈಜನ್ನು ಕುರಿತು ಪ್ರಬಂಧ ಬರೆದವನು ಈಜುಗಾರನಾಗುವುದಿಲ್ಲವಷ್ಟೆ. ಆದಕಾರಣವೇ ಈ ಪಾಠದಲ್ಲಿ ಭಾಷಣಕ್ಕಿಂತ ಯೋಜನೆಗಳಿಗೆ ಹೆಚ್ಚಿನ ಸ್ಥಾನ.

ಅಳುವ ಬೊಂಬೆ

ಹಿಟ್ಟಿನ ಚೀಲದಲ್ಲಿ ದೊಡ್ಡದೊಂದು ಕೊರತೆಯುಂಟು: ಅದು ಅಳುವುದಿಲ್ಲ. ನಡುರಾತ್ರಿಯಲ್ಲಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಸುಖವಾಗಿ ಮಲಗಿದ ವಿದ್ಯಾರ್ಥಿ ಬೆಳಿಗ್ಗೆ ಎದ್ದು ದಿನಚರಿಯಲ್ಲಿ ‘ಮೂರು ಸಲ ಎದ್ದೆ’ ಎಂದು ಬರೆದರೆ ಸುಳ್ಳೆಂದು ಹೇಳುವವರಾರು? ೧೯೯೩ರಲ್ಲಿ ಕ್ಯಾಲಿಫೋರ್ನಿಯದ ರಿಕ್ ಜರ್ಮೇನ್ ಮತ್ತು ಮೇರಿ ಜರ್ಮೇನ್ ಎಂಬ ದಂಪತಿಗಳು ಈ ಕೊರತೆಯನ್ನು ನೀಗಿಸುವ ಬೊಂಬೆಯೊಂದನ್ನು ರೂಪಿಸಿದರು. ಗಂಡ ವಿಮಾನೋದ್ಯಮದಲ್ಲಿ ದುಡಿದ ಎಂಜಿನಿಯರು. ಅವರ ಬೊಂಬೆ ಹೊತ್ತಲ್ಲದ ಹೊತ್ತಿನಲ್ಲಿ ಅಳಲಾರಂಭಿಸುವುದು. ವಿದ್ಯಾರ್ಥಿ ತನ್ನ ಬಳಿಯಿರುವ ಕೀಲಿಯನ್ನು ಅದರ ಬೆನ್ನಿನಲ್ಲಿಟ್ಟು, ಅದಕ್ಕೆ ತೃಪ್ತಿಯಾಗುವವರೆಗೂ ಹಿಡಿದುಕೊಂಡೇ ಕೂರಬೇಕು.

ಮುಂದೆ ಬಂದ ಬೊಂಬೆಗಳು ಇನ್ನಷ್ಟು ಚತುರ. ಹೊಟ್ಟೆಯೊಳಗೆ ಗಣಕದ ಪುಟ್ಟ ಬಿಲ್ಲೆ ಕುಳಿತಿರುತ್ತದೆ. ಯಾವ ಹೊತ್ತಿಗೆ ಹಸಿವು, ಯಾವ ಹೊತ್ತಿಗೆ ಒದ್ದೆ, ಯಾವ ಹೊತ್ತಿಗೆ ಬರಿಯ ರಂಪ ಎಂಬ ವೇಳಾಪಟ್ಟಿ ಅದರಲ್ಲಿ ಮೊದಲೇ ಅಡಗಿದೆ. ವಿದ್ಯಾರ್ಥಿಯ ಮಣಿಕಟ್ಟಿಗೆ ಕಟ್ಟಿದ ಗುರುತಿನ ಪಟ್ಟಿಯನ್ನು ಬೊಂಬೆ ಗುರುತಿಸಬಲ್ಲದು. ಕೆಲಸವನ್ನು ಅಮ್ಮನಿಗೋ ತಂಗಿಗೋ ವಹಿಸಿ ತಪ್ಪಿಸಿಕೊಳ್ಳುವಂತಿಲ್ಲ. ಹಾಲಿನ ಸೀಸೆಯಲ್ಲಿಯೂ ಬಟ್ಟೆಯಲ್ಲಿಯೂ ಸೂಕ್ಷ್ಮ ಗ್ರಾಹಕಗಳಿದ್ದು, ಕೊಟ್ಟದ್ದು ಸರಿಯಾದ ಉಪಚಾರವೆ ಅಲ್ಲವೆ ಎಂಬುದನ್ನು ಅದು ತಿಳಿದುಕೊಳ್ಳುತ್ತದೆ. ಕುತ್ತಿಗೆಗೆ ಆಸರೆ ಕೊಡದೆ ಎತ್ತಿದರೆ, ಒರಟಾಗಿ ಅಲುಗಾಡಿಸಿದರೆ, ಅಳುವಾಗ ಓಗೊಡದಿದ್ದರೆ ಎಲ್ಲವೂ ಅದರೊಳಗೆ ದಾಖಲಾಗುತ್ತದೆ. ಸೋಮವಾರ ಬೊಂಬೆಯನ್ನು ಹಿಂದಕ್ಕೆ ಕೊಟ್ಟಾಗ ಉಪಾಧ್ಯಾಯರ ಕೈಗೆ ಪೂರ್ಣ ವರದಿಯೇ ಬಂದುಬಿಡುವುದು. ಈ ಬೊಂಬೆ ಬೇಗನೆ ಹಲವು ದೇಶಗಳ ಶಾಲೆಗಳಿಗೆ ಹರಡಿತು.

ಪರಿಣಾಮವನ್ನು ಅಳೆಯುವುದು ಹೇಗೆ?

ಬೊಂಬೆಯನ್ನು ಸಾಕಿ ಬಂದ ಹುಡುಗಿಯನ್ನು ‘ಹೇಗಿತ್ತಮ್ಮ?’ ಎಂದು ಕೇಳಿದರೆ, ನಿದ್ದೆಗೆಟ್ಟ ಕಣ್ಣುಗಳನ್ನು ಉಜ್ಜುತ್ತ ‘ಅಬ್ಬಾ, ಸಾಕಪ್ಪಾ ಸಾಕು’ ಎಂದಾಳು. ಇಷ್ಟನ್ನು ಕೇಳಿ ಪಾಠ ಫಲಿಸಿತೆಂದು ತೀರ್ಮಾನಿಸಬಹುದೆ? ಬಾರದು. ಸೋಮವಾರ ಆಡಿದ ಮಾತಿಗೂ ಮೂರು ವರ್ಷಗಳ ಅನಂತರದ ನಡತೆಗೂ ನಡುವೆ ಬಹಳ ಅಂತರವಿದೆ. ಉಪಾಧ್ಯಾಯರು ಯಾವ ಉತ್ತರವನ್ನು ಬಯಸುತ್ತಾರೆಂಬುದು ವಿದ್ಯಾರ್ಥಿಗಳಿಗೆ ತಿಳಿಯದ ಸಂಗತಿಯೂ ಅಲ್ಲ.

ಹಾಗಾದರೆ ಬೊಂಬೆಯನ್ನು ಸಾಕಿದವರನ್ನೂ ಸಾಕದವರನ್ನೂ ಕೆಲವು ವರ್ಷ ಬಿಟ್ಟು ಹೋಲಿಸಿ ನೋಡೋಣವೆ? ಇಲ್ಲಿಯೂ ಒಂದು ಹಳ್ಳವಿದೆ. ತಾನಾಗಿ ಮುಂದೆ ಬಂದು ಪಾಠಕ್ಕೆ ಸೇರಿದವರು ಸ್ವಭಾವದಿಂದಲೇ ಬೇರೆಯಾಗಿದ್ದಿರಬಹುದು. ಮಕ್ಕಳೆಂದರೆ ಪ್ರಾಣ ಬಿಡುವವರೇ ಸೇರಿದ್ದಿರಬಹುದು. ಇಲ್ಲವೆ ಬಹು ಎಚ್ಚರಿಕೆಯ ಮನೆತನದವರೇ ಸೇರಿದ್ದಿರಬಹುದು. ಆಗ ಕಂಡುಬಂದ ವ್ಯತ್ಯಾಸ ಬೊಂಬೆಯಿಂದಾದುದೋ ಸ್ವಭಾವದಿಂದಾದುದೋ ಎಂದು ಹೇಳುವುದು ಹೇಗೆ? ಫಲವತ್ತಾದ ಗದ್ದೆಗೆ ಮಾತ್ರ ಹೊಸ ಗೊಬ್ಬರ ಹಾಕಿ, ಬರಡು ಗದ್ದೆಯನ್ನು ಹಾಗೆಯೇ ಬಿಟ್ಟು, ಸುಗ್ಗಿಯಲ್ಲಿ ಗೊಬ್ಬರವನ್ನು ಹೊಗಳಿದಂತೆ ಆದೀತು.

ಈ ಹಳ್ಳವನ್ನು ದಾಟಲು ಇರುವ ಸೇತುವೆ ಬಲು ಸರಳವಾದುದು: ಚೀಟಿ ಎತ್ತುವುದು. ಯಾರಿಗೆ ಪಾಠ, ಯಾರಿಗೆ ಇಲ್ಲ ಎಂಬುದನ್ನು ಉಪಾಧ್ಯಾಯರೂ ಆರಿಸಬಾರದು, ವಿದ್ಯಾರ್ಥಿಗಳೂ ಆರಿಸಬಾರದು, ಚೀಟಿಯೇ ಆರಿಸಬೇಕು. ಚೀಟಿಗೆ ಜಾತಿ ಮತ ಗೊತ್ತಿಲ್ಲ, ಬಡತನ ಸಿರಿತನ ಗೊತ್ತಿಲ್ಲ, ಜಾಣರು ದಡ್ಡರು ಗೊತ್ತಿಲ್ಲ. ಸಂಖ್ಯೆ ಸಾಕಷ್ಟು ದೊಡ್ಡದಾಗಿದ್ದರೆ ಎಲ್ಲ ಬಗೆಯವರೂ ಎರಡು ಕಡೆಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುವರು. ನಮಗೆ ತಿಳಿದ ವ್ಯತ್ಯಾಸಗಳಷ್ಟೇ ಅಲ್ಲ, ನಾವು ಊಹಿಸದ ವ್ಯತ್ಯಾಸಗಳು ಕೂಡ ಹೀಗೆ ಹಂಚಿಹೋಗುವುದೇ ಈ ವಿಧಾನದ ಹಿರಿಮೆ. ಆಮೇಲೆ ಎರಡು ತಂಡಗಳ ನಡುವೆ ದೊಡ್ಡ ಅಂತರ ಕಂಡುಬಂದರೆ, ಅದಕ್ಕೆ ಪಾಠವೇ ಕಾರಣವೆಂದು ಹೇಳಲು ನಮಗೆ ಬಲವಾದ ಆಧಾರ ದೊರೆಯುತ್ತದೆ.

ಪರ್ತ್ ನಗರದ ಪರೀಕ್ಷೆ

ಇಂಥ ಪರೀಕ್ಷೆಯೊಂದು ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನಡೆಯಿತು. ಅಲ್ಲಿಯ ೫೭ ಶಾಲೆಗಳು ಇದರಲ್ಲಿ ಸೇರಿದ್ದವು. ೨೦೦೩ರಿಂದ ೨೦೦೬ರವರೆಗೆ, ೧೩ರಿಂದ ೧೫ ವಯಸ್ಸಿನ ಹುಡುಗಿಯರನ್ನು ಇದಕ್ಕೆ ಸೇರಿಸಿಕೊಂಡರು. ಚೀಟಿ ಎತ್ತಿದ್ದು ಹುಡುಗಿಯರ ಹೆಸರಿನಲ್ಲಿ ಅಲ್ಲ, ಶಾಲೆಗಳ ಹೆಸರಿನಲ್ಲಿ. ಇದಕ್ಕೆ ಕಾರಣವುಂಟು. ಒಂದೇ ತರಗತಿಯಲ್ಲಿ ಅರ್ಧದಷ್ಟು ಹುಡುಗಿಯರಿಗೆ ಬೊಂಬೆ ಕೊಟ್ಟರೆ ಉಳಿದವರು ಸುಮ್ಮನಿರುವರೆ? ಎತ್ತಿ ಆಡಿಸುವರು, ಕಥೆ ಕೇಳುವರು. ಪಾಠ ಅವರಿಗೂ ಸೋರಿಹೋಗುವುದು. ಆದುದರಿಂದ ಶಾಲೆಗೆ ಶಾಲೆಯನ್ನೇ ಒಂದು ಘಟಕವೆಂದು ಎಣಿಸಿದರು. ಲೆಕ್ಕಾಚಾರದಲ್ಲಿಯೂ ಈ ಸಂಗತಿಯನ್ನು ಮರೆಯುವಂತಿಲ್ಲ. ಒಂದೇ ಶಾಲೆಯ ಮಕ್ಕಳು ಹಲವು ವಿಧದಲ್ಲಿ ಒಬ್ಬರನ್ನೊಬ್ಬರು ಹೋಲುವುದರಿಂದ, ಸಾವಿರಾರು ಹುಡುಗಿಯರಿದ್ದರೂ ಅವರನ್ನು ಸಾವಿರಾರು ಬಿಡಿಬಿಡಿ ಸಾಕ್ಷಿಗಳೆಂದು ಎಣಿಸುವುದು ತಪ್ಪಾಗುತ್ತದೆ.

ಪಾಠದ ತಂಡದಲ್ಲಿ ೧,೨೬೭ ಹುಡುಗಿಯರಿದ್ದರು. ಅವರಿಗೆ ಶಾಲೆಯ ದಾದಿಯರು ಕೆಲವು ದಿನ ಬೋಧಿಸಿದರು. ಎಳೆಯ ವಯಸ್ಸಿನಲ್ಲಿ ತಾಯಂದಿರಾದವರ ಅನುಭವದ ಚಿತ್ರವನ್ನು ತೋರಿಸಿದರು. ವಾರದ ಕೊನೆಯ ದಿನಗಳಲ್ಲಿ ಬೊಂಬೆಯನ್ನು ಮನೆಗೆ ಕಳಿಸಿದರು. ಹೋಲಿಕೆಯ ತಂಡದ ೧,೫೬೭ ಹುಡುಗಿಯರಿಗೆ ಶಾಲೆಯಲ್ಲಿ ಎಂದಿನಂತೆ ನಡೆಯುವ ಆರೋಗ್ಯಪಾಠ ಮಾತ್ರ. ಅನಂತರ ಸಂಶೋಧಕರು ಅವರನ್ನು ಪ್ರಶ್ನೆ ಕೇಳುವ ಗೋಜಿಗೆ ಹೋಗಲಿಲ್ಲ. ಹುಡುಗಿಯರಿಗೆ ಇಪ್ಪತ್ತು ವರ್ಷ ತುಂಬುವವರೆಗೂ ಆಸ್ಪತ್ರೆಗಳ ಮತ್ತು ಚಿಕಿತ್ಸಾಲಯಗಳ ದಾಖಲೆಗಳನ್ನು ಜೋಡಿಸಿ ನೋಡಿದರು. ದಾಖಲೆಗೆ ಮುಲಾಜಿಲ್ಲ.

ಫಲಿತಾಂಶ ೨೦೧೬ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷ ತುಂಬುವುದರೊಳಗೆ ಒಂದು ಸಲವಾದರೂ ಹೆತ್ತವರು ಹೋಲಿಕೆಯ ತಂಡದಲ್ಲಿ ನೂರಕ್ಕೆ ೪ ಮಂದಿ. ಬೊಂಬೆಯನ್ನು ಸಾಕಿದ ತಂಡದಲ್ಲಿ ನೂರಕ್ಕೆ ೮ ಮಂದಿ. ಗರ್ಭಪಾತ ಮಾಡಿಸಿಕೊಂಡವರು ಹೋಲಿಕೆಯ ತಂಡದಲ್ಲಿ ನೂರಕ್ಕೆ ೬, ಬೊಂಬೆಯ ತಂಡದಲ್ಲಿ ನೂರಕ್ಕೆ ೯. ಒಟ್ಟಿನಲ್ಲಿ ಗರ್ಭ ಧರಿಸಿದವರು ಒಂದು ಕಡೆ ನೂರಕ್ಕೆ ೧೧, ಇನ್ನೊಂದು ಕಡೆ ೧೭. ವಾಚಕರು ಈ ಅಂಕಿಗಳನ್ನು ಇನ್ನೊಮ್ಮೆ ಓದಬೇಕಾಗಿ ಕೋರುತ್ತೇವೆ. ನಾವು ತಪ್ಪಾಗಿ ಬರೆದಿಲ್ಲ. ತಡೆಯಲೆಂದು ಹೂಡಿದ ಪಾಠದಿಂದ ತಡೆಯಾಗಲಿಲ್ಲ. ಅಷ್ಟೇ ಅಲ್ಲ, ಪಾಠ ಕಲಿತವರಲ್ಲಿಯೇ ಅದು ಹೆಚ್ಚಾಗಿ ಕಂಡುಬಂದಿತು.

ಇಂಥ ಫಲಿತಾಂಶ ಬಂದಾಗ ವಿಜ್ಞಾನಿಯಾದವನು ಮೊದಲು ತನ್ನ ತಕ್ಕಡಿಯನ್ನೇ ಸಂಶಯಿಸಬೇಕು. ಶಾಲೆಗಳನ್ನು ಚೀಟಿಯಿಂದ ಆರಿಸಿದ್ದರೂ, ಆ ಶಾಲೆಗಳ ಹುಡುಗಿಯರೆಲ್ಲರೂ ಅಧ್ಯಯನಕ್ಕೆ ಒಪ್ಪಿ ಸೇರಿರಲಿಲ್ಲ. ಸೇರಿದವರ ಪ್ರಮಾಣ ಎರಡು ತಂಡಗಳಲ್ಲಿ ಒಂದೇ ಸಮನಾಗಿರಲೂ ಇಲ್ಲ. ಸಂಶೋಧಕರು ಹುಡುಗಿಯರ ಮನೆಯ ಸ್ಥಿತಿಗತಿ ಮೊದಲಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಮತ್ತೆ ಗಣಿಸಿದರು. ಆಗಲೂ ಫಲಿತಾಂಶದ ದಿಕ್ಕು ಬದಲಾಗಲಿಲ್ಲ. ಪಾಠ ಕೇಡನ್ನೇ ಮಾಡಿತೆಂದು ಎದೆತಟ್ಟಿ ಹೇಳಲು ಯಾರಾದರೂ ಹಿಂಜರಿಯಬಹುದು. ಪಾಠ ಒಳ್ಳೆಯದನ್ನು ಮಾಡಿತೆಂದು ಹೇಳಲು ಮಾತ್ರ ಯಾವ ಆಧಾರವೂ ಉಳಿಯಲಿಲ್ಲ.

ಹೀಗೇಕಾಯಿತು? ಈ ಪರೀಕ್ಷೆ ‘ಏನಾಯಿತು’ ಎಂಬುದನ್ನು ಹೇಳುತ್ತದೆಯೇ ಹೊರತು ‘ಏಕೆ’ ಎಂಬುದನ್ನಲ್ಲ. ಊಹೆಗೆ ಮಾತ್ರ ಎಡೆಯುಂಟು. ಬೊಂಬೆಯನ್ನು ಎತ್ತಿಕೊಂಡವಳ ಸುತ್ತ ಗೆಳತಿಯರು ನೆರೆಯುತ್ತಾರೆ, ಮನೆಯವರು ಅಕ್ಕರೆಯಿಂದ ನೆರವಾಗುತ್ತಾರೆ. ಕಷ್ಟದ ಜೊತೆಗೆ ಒಂದು ಗೌರವವೂ ಒದಗುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟು ಸೋಮವಾರ ಬೊಂಬೆಯನ್ನು ಹಿಂದಿರುಗಿಸಿದವಳು ‘ನನ್ನಿಂದಾಗದು’ ಎಂದುಕೊಳ್ಳುವ ಬದಲು ‘ನನ್ನಿಂದಾದೀತು’ ಎಂದುಕೊಂಡಿರಬಹುದು. ಹೊಣೆಯ ಭಾರವಿರುವುದು ಎರಡು ರಾತ್ರಿಯಲ್ಲಲ್ಲ. ಎಷ್ಟೋ ವರ್ಷಗಳ ಕಾಲ ಹಿಂದಿರುಗಿಸಲಾಗದ ಸ್ಥಿತಿಯಲ್ಲಿ. ಅದನ್ನು ಯಾವ ಬೊಂಬೆಯೂ ತೋರಿಸಿಕೊಡಲಾರದು.

ಭಯವು ಗುರುವಾಗಬಲ್ಲುದೆ?

ಇದನ್ನೇ ಹೋಲುವ ಇನ್ನೊಂದು ಕಥೆಯಿದೆ. ೧೯೭೦ರ ದಶಕದಲ್ಲಿ ಅಮೆರಿಕದ ನ್ಯೂಜರ್ಸಿಯ ರಾವೇ ಕಾರಾಗೃಹದಲ್ಲಿ, ದಾರಿ ತಪ್ಪುತ್ತಿರುವ ಹುಡುಗರನ್ನು ಸೆರೆಮನೆಯೊಳಕ್ಕೆ ಕರೆತಂದು, ದೀರ್ಘ ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳಿಂದ ಅಬ್ಬರದ ಮಾತುಗಳನ್ನು ಕೇಳಿಸಿ ಹೆದರಿಸುವ ಕಾರ್ಯಕ್ರಮವೊಂದು ಆರಂಭವಾಯಿತು. ಅದನ್ನು ಕುರಿತ ಚಲನಚಿತ್ರಕ್ಕೆ ಪ್ರಶಸ್ತಿಯೂ ಬಂದಿತು. ಊರೂರುಗಳಲ್ಲಿ ಅದರ ಅನುಕರಣೆಗಳು ಹುಟ್ಟಿಕೊಂಡವು. ಮುಂದೆ ಇಂಥ ಕಾರ್ಯಕ್ರಮಗಳ ಮೇಲೆ ನಡೆದ ಒಂಬತ್ತು ಪ್ರಯೋಗಗಳನ್ನು ವಿದ್ವಾಂಸರು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಸೆರೆಮನೆಗೆ ಹೋಗಿ ಬಂದ ಹುಡುಗರು ಹೋಗದವರಿಗಿಂತ ಕಡಿಮೆ ತಪ್ಪು ಮಾಡಲಿಲ್ಲ, ಹೆಚ್ಚಾಗಿಯೇ ಮಾಡಿದರು ಎಂಬುದು ತಿಳಿದುಬಂದಿತು. ನೋಡಿದವರಿಗೆಲ್ಲ ‘ಇದು ಫಲಿಸದೆ ಹೋದೀತೆ’ ಎನಿಸುವಂಥ ಪಾಠವೂ ಫಲಿಸದೆ ಹೋಗಬಹುದು. ಮನಸ್ಸನ್ನು ಕಲಕುವುದು ಬೇರೆ, ಮನುಷ್ಯನನ್ನು ತಿದ್ದುವುದು ಬೇರೆ.

ಅಭ್ಯಾಸದ ಬಲ

ಹಾಗೆಂದು ಜೀವನ ಕೌಶಲದ ಪಾಠವೆಲ್ಲ ವ್ಯರ್ಥವೆಂದು ತೀರ್ಮಾನಿಸುವುದು ಅವಸರವಾದೀತು. ಅಮೆರಿಕದ ಗಿಲ್ಬರ್ಟ್ ಬಾಟ್ವಿನ್ ಎಂಬ ಮನೋವಿಜ್ಞಾನಿ ರೂಪಿಸಿದ ಪಾಠಕ್ರಮವೊಂದನ್ನು ೧೯೮೫ರಿಂದ ನ್ಯೂಯಾರ್ಕ್ ಸಂಸ್ಥಾನದ ೫೬ ಶಾಲೆಗಳಲ್ಲಿ ಪರೀಕ್ಷಿಸಲಾಯಿತು. ಏಳನೆಯ ತರಗತಿಯಲ್ಲಿ ಮುಖ್ಯ ಪಾಠ; ಮುಂದಿನ ಎರಡು ವರ್ಷ ಅದರ ಪುನರಾವರ್ತನೆ. ಇದರಲ್ಲಿ ಹೆದರಿಸುವುದು ಕಡಿಮೆ, ಅಭ್ಯಾಸ ಮಾಡಿಸುವುದು ಹೆಚ್ಚು. ಗೆಳೆಯನೊಬ್ಬ ಸಿಗರೇಟು ಮುಂದೆ ಹಿಡಿದು ‘ಒಂದೇ ಒಂದು ಸಲ’ ಎಂದಾಗ ಏನು ಹೇಳಬೇಕು? ‘ಬೇಡ’ ಎಂಬ ಎರಡಕ್ಷರವನ್ನು ಗೆಳೆತನ ಕೆಡದಂತೆ ಹೇಳುವುದು ಹೇಗೆ? ಜಾಹೀರಾತು ನಮ್ಮನ್ನು ಹೇಗೆ ಮರುಳುಗೊಳಿಸುತ್ತದೆ? ಎದೆ ಡವಗುಟ್ಟುವಾಗ ಮನಸ್ಸನ್ನು ಹತೋಟಿಗೆ ತರುವುದು ಹೇಗೆ? ಇವನ್ನೆಲ್ಲ ವಿದ್ಯಾರ್ಥಿಗಳು ನಾಟಕದಂತೆ ಪಾತ್ರ ವಹಿಸಿ, ಮತ್ತೆ ಮತ್ತೆ ಆಡಿ ಕಲಿತರು.

ಹನ್ನೆರಡನೆಯ ತರಗತಿಯ ಕೊನೆಯಲ್ಲಿ ನೋಡಿದಾಗ, ಪಾಠ ಕಲಿತವರಲ್ಲಿ ತಂಬಾಕು, ಮದ್ಯ, ಗಾಂಜಾಗಳ ಬಳಕೆ ಕಡಿಮೆಯಾಗಿತ್ತು. ಕೆಲವು ಅಳತೆಗಳಲ್ಲಿ ಶೇಕಡ ೪೪ರವರೆಗೆ ಇಳಿತ ಕಂಡಿತೆಂದು ೧೯೯೫ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಪಾಠದ ಬಹುಭಾಗವನ್ನು ಪೂರ್ಣವಾಗಿ ಪಡೆದವರಲ್ಲಿ ಪರಿಣಾಮ ಹೆಚ್ಚು ಸ್ಪಷ್ಟವಾಗಿತ್ತು. ಇಲ್ಲಿಯೂ ತಕ್ಕಡಿಯನ್ನು ಸಂಶಯಿಸುವ ಅಭ್ಯಾಸವನ್ನು ಬಿಡುವುದು ಬೇಡ. ಮೊದಲು ಸೇರಿದವರಲ್ಲಿ ಕೊನೆಯವರೆಗೆ ಸಿಕ್ಕಿದವರು ಸುಮಾರು ಶೇಕಡ ೬೦, ಎಂದರೆ ೩,೫೯೭ ಮಂದಿ ಮಾತ್ರ. ಪಾಠವನ್ನು ರೂಪಿಸಿದವರೇ ಅದನ್ನು ಅಳೆದವರೂ ಆಗಿದ್ದರು. ತಾಯಿಗೆ ತನ್ನ ಮಗು ಚೆಲುವಾಗಿಯೇ ಕಾಣುವುದು ಸಹಜ. ಬೇರೆಯವರೂ ಅಳೆದು ನೋಡಬೇಕೆನ್ನುವುದು ಇದಕ್ಕಾಗಿಯೇ.

ನಮ್ಮ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ನಿಮ್ಹಾನ್ಸ್ ಕೂಡ ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ಜೀವನ ಕೌಶಲದ ಪಾಠಕ್ರಮವೊಂದನ್ನು ಸಿದ್ಧಪಡಿಸಿತು. ಪಾಠ ಮಾಡುವವರು ಹೊರಗಿನಿಂದ ಬಂದ ತಜ್ಞರಲ್ಲ. ತರಬೇತಿ ಪಡೆದ ಆಯಾ ಶಾಲೆಯ ಉಪಾಧ್ಯಾಯರೇ. ಚರ್ಚೆ, ಪಾತ್ರಾಭಿನಯ, ಗುಂಪುಚಟುವಟಿಕೆಗಳೇ ಅದರ ಸಾಧನಗಳು. ಒಂದು ವರ್ಷದ ಪಾಠದ ಅನಂತರ ಎರಡು ಶಾಲೆಗಳ ೬೦೫ ವಿದ್ಯಾರ್ಥಿಗಳನ್ನು, ಪಾಠವಿಲ್ಲದ ನೆರೆಯ ಶಾಲೆಗಳ ೪೨೩ ವಿದ್ಯಾರ್ಥಿಗಳೊಡನೆ ಹೋಲಿಸಿದರು. ಈ ವರದಿ ೨೦೧೦ರಲ್ಲಿ ಪ್ರಕಟವಾಯಿತು. ಪಾಠ ಕಲಿತವರಲ್ಲಿ ಆತ್ಮವಿಶ್ವಾಸ, ಕಷ್ಟಗಳನ್ನು ಎದುರಿಸಬಲ್ಲೆನೆಂಬ ಭಾವನೆ, ಶಾಲೆಯಲ್ಲಿ ಮತ್ತು ಉಪಾಧ್ಯಾಯರೊಡನೆ ಹೊಂದಿಕೊಳ್ಳುವಿಕೆ ಇವು ಉತ್ತಮವಾಗಿದ್ದವು. ಆದರೆ ಮನೆಯಲ್ಲಿ ಮತ್ತು ಸಹಪಾಠಿಗಳೊಡನೆ ಹೊಂದಿಕೊಳ್ಳುವ ವಿಷಯದಲ್ಲಿ ಎರಡು ತಂಡಗಳಿಗೂ ಅಂತರವಿರಲಿಲ್ಲ. ಮಾನಸಿಕ ತೊಂದರೆಗಳ ಪ್ರಮಾಣದಲ್ಲಿಯೂ ಅಂತರ ಕಾಣಲಿಲ್ಲ. ಫಲಿಸಿದ್ದನ್ನೂ ಫಲಿಸದ್ದನ್ನೂ ಒಂದೇ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿರುವುದು ಶ್ಲಾಘ್ಯ. ಇಲ್ಲಿ ಶಾಲೆಗಳನ್ನು ಚೀಟಿಯಿಂದ ಆರಿಸಿರಲಿಲ್ಲ, ಹೋಲಿಕೆ ನೋಡಿ ಜೊತೆಮಾಡಿದ್ದರು ಎಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು.

ನಾವೇ ಮಾಡಬಹುದಾದ ಪ್ರಯೋಗ

ವಿದ್ಯಾರ್ಥಿಗಳು ಈ ವಿಧಾನವನ್ನು ತಮ್ಮ ತರಗತಿಯಲ್ಲಿಯೇ ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಬಹುದು. ವಿಷಯ ಸಾಲವೆಂದಿಟ್ಟುಕೊಳ್ಳೋಣ. ‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ತಿಂಗಳಿಗೆ ಮೂರು ರೂಪಾಯಿ! ಕಿವಿಗೆ ಅಲ್ಪವಾಗಿಯೇ ಕೇಳಿಸುತ್ತದೆ. ಹತ್ತು ಸಾವಿರ ರೂಪಾಯಿ ಸಾಲ ಮಾಡಿ, ಅಸಲನ್ನೂ ಬಡ್ಡಿಯನ್ನೂ ಕೊಡದೆ ಬಿಟ್ಟು, ಬಡ್ಡಿಗೂ ಬಡ್ಡಿ ಸೇರುತ್ತ ಹೋದರೆ ಎರಡು ವರ್ಷಗಳ ಕೊನೆಗೆ ಎಷ್ಟಾದೀತು? ಮೊದಲು ಪ್ರತಿಯೊಬ್ಬರೂ ಲೆಕ್ಕ ಮಾಡದೆ ತಮ್ಮ ಊಹೆಯನ್ನು ಕಾಗದದಲ್ಲಿ ಬರೆದಿಡಲಿ. ಆಮೇಲೆ ತಿಂಗಳಿಂದ ತಿಂಗಳಿಗೆ ೧.೦೩ರಿಂದ ಗುಣಿಸುತ್ತ ಹೋಗಲಿ. ಇಪ್ಪತ್ತನಾಲ್ಕು ತಿಂಗಳಿಗೆ ಸಾಲ ೨೦,೩೨೮ ರೂಪಾಯಿ; ಎರಡರಷ್ಟನ್ನು ಮೀರಿತು. ಮೂವತ್ತಾರು ತಿಂಗಳಿಗೆ ಸುಮಾರು ೨೮,೯೮೩. ಸರಳವಾದ ಸೂತ್ರವೊಂದುಂಟು: ೭೨ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಸಾಲ ಇಮ್ಮಡಿಯಾಗುವ ಅವಧಿ ಸರಿಸುಮಾರಾಗಿ ದೊರೆಯುತ್ತದೆ. ೭೨ನ್ನು ೩ರಿಂದ ಭಾಗಿಸಿದರೆ ೨೪. ನಾವು ಕಂಡದ್ದೂ ಅದೇ ಅಲ್ಲವೆ?

ಈಗ ಪರೀಕ್ಷೆಗೆ ಬರೋಣ. ತರಗತಿಯ ಹೆಸರುಗಳನ್ನೆಲ್ಲ ಚೀಟಿಯಲ್ಲಿ ಬರೆದು ಮಡಿಸಿ, ಎರಡು ಪಾಲು ಮಾಡಿರಿ. ಒಂದು ಪಾಲಿನವರಿಗೆ ಸೂತ್ರವನ್ನು ಹೇಳಿಕೊಟ್ಟು ಬಿಡಿರಿ. ಇನ್ನೊಂದು ಪಾಲಿನವರಿಂದ ಮೊದಲು ಊಹೆ, ಆಮೇಲೆ ತಿಂಗಳು ತಿಂಗಳಿನ ಲೆಕ್ಕ, ಕೊನೆಗೆ ಸೂತ್ರ ಈ ಕ್ರಮದಲ್ಲಿ ಮಾಡಿಸಿರಿ. ಇಬ್ಬರಿಗೂ ತೆಗೆದುಕೊಳ್ಳುವ ಕಾಲ ಒಂದೇ ಆಗಿರಲಿ. ಯಾವ ಪಾಲಿನವರು ಮುಂದಾಗುವರೆಂಬ ನಿಮ್ಮ ಭವಿಷ್ಯವನ್ನು ಮೊದಲೇ ಬರೆದು ಲಕೋಟೆಯಲ್ಲಿ ಮುಚ್ಚಿಡಿರಿ. ಫಲಿತಾಂಶ ಬಂದ ಮೇಲೆ ‘ನಾನು ಆಗಲೇ ಹೇಳಿರಲಿಲ್ಲವೆ’ ಎನ್ನುವ ಚಪಲಕ್ಕೆ ಅದೇ ಮದ್ದು. ಮರುದಿನವೇ ಪರೀಕ್ಷಿಸಬೇಡಿರಿ, ಮರುದಿನ ಎಲ್ಲರೂ ಜಾಣರೇ. ಮೂರು ತಿಂಗಳು ಬಿಟ್ಟು, ಮುನ್ಸೂಚನೆಯಿಲ್ಲದೆ, ಬೇರೆ ದರದ ಹೊಸ ಪ್ರಶ್ನೆಯೊಂದನ್ನು ಎರಡೂ ಪಾಲಿಗೆ ಕೊಡಿರಿ. ಉತ್ತರಪತ್ರಿಕೆಯನ್ನು ತಿದ್ದುವವರಿಗೆ ಯಾವುದು ಯಾವ ಪಾಲಿನದೆಂದು ತಿಳಿಯದಿರಲಿ. ಕೊನೆಯಲ್ಲಿ ಯಾವ ವಿಧಾನ ಮೇಲೆನಿಸಿತೋ ಅದನ್ನು ಉಳಿದ ಪಾಲಿನವರಿಗೂ ಕಲಿಸಿರಿ. ಪ್ರಯೋಗದ ಹೆಸರಿನಲ್ಲಿ ಯಾರಿಗೂ ಪಾಠದ ನಷ್ಟವಾಗಬಾರದು. ನಲವತ್ತು ಮಂದಿಯ ತರಗತಿಯಲ್ಲಿ ಚಿಕ್ಕ ಅಂತರ ಕಂಡರೆ ಅದು ಬರಿಯ ಆಕಸ್ಮಿಕವಾಗಿರಬಹುದೆಂಬುದನ್ನೂ ಮರೆಯಬೇಡಿರಿ. ನೆರೆಯ ಶಾಲೆಗಳವರನ್ನು ಸೇರಿಸಿಕೊಂಡು ಮತ್ತೆ ಮಾಡಿದರೆ ನಿಮ್ಮ ಮಾತಿಗೆ ತೂಕ ಹೆಚ್ಚುವುದು.

ವಿಮರ್ಶಿಸಿ ಯೋಚಿಸುವುದು ಹತ್ತು ಕೌಶಲಗಳಲ್ಲಿ ಒಂದೆಂದು ಆರಂಭದಲ್ಲಿ ಹೇಳಿದೆವು. ಆ ಕೌಶಲವನ್ನು ಮಿಕ್ಕ ಒಂಬತ್ತರ ಪಾಠಕ್ಕೂ ಅನ್ವಯಿಸಬೇಕೆಂಬುದೇ ಈ ಕಥೆಯ ಸಾರ. ಪರ್ತ್ ನಗರದ ಉಪಾಧ್ಯಾಯರು, ದಾದಿಯರು ಕೆಟ್ಟ ಮನಸ್ಸಿನವರಾಗಿರಲಿಲ್ಲ. ಮಕ್ಕಳ ಹಿತವನ್ನೇ ಬಯಸಿದ್ದರು. ಆದರೆ ಹಿತವನ್ನು ಬಯಸಿದ ಮಾತ್ರಕ್ಕೆ ಹಿತವಾಗುವುದಿಲ್ಲ. ಮದ್ದನ್ನು ಕೊಡುವ ಮುನ್ನ ಪರೀಕ್ಷಿಸಬೇಕೆಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಪಾಠವೂ ಒಂದು ಬಗೆಯ ಮದ್ದೇ. ಅದು ಸೇರುವುದು ಮೈಗಲ್ಲ, ಬಾಳಿಗೆ. ಇನ್ನು ಮುಂದೆ ನಿಮ್ಮ ಶಾಲೆಯಲ್ಲಿ ಯಾರಾದರೂ ಹೊಸ ಯೋಜನೆಯೊಂದನ್ನು ತಂದು ‘ಇದರಿಂದ ಮಕ್ಕಳಿಗೆ ಬಹಳ ಒಳ್ಳೆಯದಾಗುತ್ತದೆ’ ಎಂದರೆ, ವಿನಯದಿಂದಲೇ ಎದ್ದುನಿಂತು, ‘ಯಾರೊಡನೆ ಹೋಲಿಸಿ ನೋಡಿದಿರಿ?’ ಎಂದು ಕೇಳಿರಿ. ಹಾಗೆ ಕೇಳಬಲ್ಲ ವಿದ್ಯಾರ್ಥಿಗೆ ಬದುಕಿನ ಪಾಠಗಳಲ್ಲಿ ಒಂದಾದರೂ ಬಂದಿದೆಯೆಂದು ನಾವು ನಿಸ್ಸಂಶಯವಾಗಿ ಹೇಳಬಹುದು.